ಮನೆಯಲ್ಲಿ ಹುಲಿ, ಬ್ಯಾಂಡಿನಲ್ಲಿ ಇಲಿ: ಫಝ್ ಪೆಡಲನ್ನು ಪಳಗಿಸುವುದು ಹೇಗೆ?

ಪ್ರಶ್ನೆ: ನಾನು ಎಲೆಕ್ಟ್ರಿಕ್ ಗಿಟಾರಿನ ಸದ್ದನ್ನು ಒರಟು ಮಾಡುವ ಒಂದು ಫಝ್ ಪೆಡಲ್ ತೆಗೆದುಕೊಂಡು ಮೂರು ತಿಂಗಳಾಯಿತು. ವಾಲ್ಯೂಮ್, ಫಝ್, ಟೋನ್, ಮಿಡ್, ಬಯಾಸ್, ಗೇಟ್ ಅಂತ ಆರು ನಾಬ್ ಇವೆ. ಕ್ಲಿಪ್ಪಿಂಗ್ (ಅಲೆಯ ತುದಿ ಕಡಿಯುವ ರೀತಿ) ಬದಲಿಸಲು ಒಂದು ಸ್ವಿಚ್, ಆಕ್ಟೇವ್‌ಗೆ ಕಾಲಲ್ಲಿ ಒತ್ತುವ ಸ್ವಿಚ್ ಬೇರೆ. ಮನೆಯಲ್ಲಿ ಒಬ್ಬನೇ ನುಡಿಸಿದರೆ ಸೌಂಡ್ ಭರ್ಜರಿಯಾಗಿರುತ್ತದೆ. ಬ್ಯಾಂಡ್ ಪ್ರಾಕ್ಟೀಸಿಗೆ ಹೋದರೆ ನಾನು ನುಡಿಸುತ್ತಿದ್ದೇನೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಕಾರ್ಡ್ (ಒಟ್ಟಿಗೆ ಹಲವು ಸ್ವರ) ಹಿಡಿದರೆ ಕಲಸುಮೇಲೋಗರ. ಗಿಟಾರಿನ ವಾಲ್ಯೂಮ್ ಇಳಿಸಿದರೆ ಫಝ್ ತಾನಾಗಿ ತಿಳಿಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನನ್ನದು ಬರೀ ಮಂಕಾಗುತ್ತದೆ. ಹಂಬಕರ್ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಜೋಡಿ ಸುರುಳಿ) ಇರುವ ಗಿಟಾರ್, ಟ್ಯೂನರ್ ಪೆಡಲ್, ಫಝ್, ಓವರ್‌ಡ್ರೈವ್, ಡಿಲೇ, ಆಮೇಲೆ ಆಂಪ್: ಇದು ನನ್ನ ಸಾಲು. ರಾತ್ರಿ ಹೊತ್ತು ಆಂಪ್ ಬದಲು ಆಡಿಯೋ ಇಂಟರ್‌ಫೇಸಿಗೆ ಹಾಕಿ ಹೆಡ್‌ಫೋನಿನಲ್ಲಿ ಕೇಳುತ್ತೇನೆ. ಈ ಪೆಡಲ್ ಮಾರಿ ಬೇರೆ ತೆಗೆದುಕೊಳ್ಳಲೇ?

ಉತ್ತರ: ಮಾರಬೇಡಿ. ನೀವು ಹೇಳಿದ್ದನ್ನು ನೋಡಿದರೆ ಪೆಡಲಿಗೆ ಏನೂ ಆಗಿಲ್ಲ. ಆದರೆ ನಿಮ್ಮ ಮೂರು ತೊಂದರೆಗೆ ಮೂರು ಬೇರೆ ಬೇರೆ ಕಾರಣಗಳಿವೆ. ಒಂದೇ ನಾಬ್ ತಿರುಗಿಸಿ ಮೂರನ್ನೂ ಸರಿಮಾಡಲು ಹೋದರೆ ತಲೆ ಕೆಡುವುದೊಂದೇ ಲಾಭ. ಮೂರರಲ್ಲಿ ಎರಡಕ್ಕೆ ಮದ್ದು ಪೆಡಲಿನ ಮೇಲೆ ಇಲ್ಲವೇ ಇಲ್ಲ. ಒಂದು ಗಿಟಾರಿಗೂ ಪೆಡಲಿಗೂ ನಡುವೆ ಇದೆ, ಇನ್ನೊಂದು ನೀವು ಕಾರ್ಡ್ ಹಿಡಿಯುವ ರೀತಿಯಲ್ಲಿದೆ.

ಮೊದಲು ಈ ಪ್ರಾಣಿ ಎಂಥದ್ದು ಅಂತ ನೋಡೋಣ. ಓವರ್‌ಡ್ರೈವ್ ಅಲೆಯ ತುದಿಯನ್ನು ಮೆಲ್ಲಗೆ ಉಜ್ಜಿ ದುಂಡಗೆ ಮಾಡುತ್ತದೆ. ಫಝ್ ಕತ್ತಿಯಲ್ಲಿ ಕಡಿಯುತ್ತದೆ. ತಂತಿಯಿಂದ ಬಂದ ಅಲೆ ಮೇಲೂ ಕೆಳಗೂ ಚಪ್ಪಟೆಯಾಗಿ ಹೆಚ್ಚುಕಡಿಮೆ ಚೌಕವಾಗುತ್ತದೆ. ಹಾಗಾದಾಗ ಮೂಲ ಸ್ವರದ ಜೊತೆ ಅದರ 3 ಪಟ್ಟು, 5 ಪಟ್ಟು, 7 ಪಟ್ಟು ಕಂಪನಗಳೂ ಎದ್ದು ನಿಲ್ಲುತ್ತವೆ. ಮೇಲಿನ ಕಡಿತ ಒಂದು ಥರ, ಕೆಳಗಿನದು ಇನ್ನೊಂದು ಥರ ಇದ್ದರೆ 2, 4, 6 ಪಟ್ಟಿನವೂ ಸೇರುತ್ತವೆ, ಸದ್ದು ಸ್ವಲ್ಪ ತುಂಬಿಕೊಳ್ಳುತ್ತದೆ. ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಕೇಳುವುದು ಈ ಮೇಲಿನ ಕಂಪನಗಳ ಗುಂಪಿನಿಂದಲೇ.

ಈ ಸದ್ದು ಹುಟ್ಟಿದ್ದು ಒಂದು ಕೆಟ್ಟ ಯಂತ್ರದಿಂದ. 1961ರಲ್ಲಿ ಹೊರಬಂದ, ಅಮೆರಿಕದ ಗಾಯಕ ಮಾರ್ಟಿ ರಾಬಿನ್ಸ್ ಅವರ ಒಂದು ಹಾಡಿಗೆ ನ್ಯಾಶ್‌ವಿಲ್‌ನಲ್ಲಿ ರೆಕಾರ್ಡಿಂಗ್ ನಡೆಯುತ್ತಿದ್ದಾಗ ಮಿಕ್ಸಿಂಗ್ ಕನ್ಸೋಲಿನ ಒಂದು ಚಾನೆಲ್ ಹಾಳಾಗಿ, ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರ್ ಪರ್‍ರ್ ಅಂದಿತು. ಅದನ್ನು ಹಾಗೇ ಬಿಟ್ಟರು. ರೆಕಾರ್ಡಿಂಗ್ ಮಾಡುತ್ತಿದ್ದ ಗ್ಲೆನ್ ಸ್ನಾಡಿ ಅದೇ ಸದ್ದು ಕೊಡುವ ಟ್ರಾನ್ಸಿಸ್ಟರ್ ಸರ್ಕಿಟ್ ಕಟ್ಟಿದರು. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮೇಸ್ಟ್ರೋ ಫಝ್ ಟೋನ್ ಹೆಸರಲ್ಲಿ ಮಾರಾಟಕ್ಕೆ ತಂದಿತು. ತಮಾಷೆ ಏನೆಂದರೆ, ಗಿಟಾರಿನಿಂದ ಟ್ರಂಪೆಟ್, ಟ್ಯೂಬಾದಂಥ ಸದ್ದು ಬರುತ್ತದೆ ಅಂತ ಹೇಳಿ ಮಾರಿದರು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಕೀತ್ ರಿಚರ್ಡ್ಸ್ ಕೂಡ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ತುತ್ತೂರಿ ವಾದ್ಯಗಳು ನುಡಿಸಬೇಕಾದ ಜಾಗವನ್ನು ತೋರಿಸಲೆಂದೇ ಅದನ್ನು ಬಳಸಿದ್ದು. ಆ ಗುರುತಿನ ಸದ್ದೇ ಹಾಡಿನಲ್ಲಿ ಉಳಿದುಕೊಂಡಿತು, ಪೆಡಲ್ ಕೂಡ ಅದರಿಂದಲೇ ಓಡಿತು. ಇದನ್ನು ಸುಮ್ನೆ ಕಥೆಗೆ ಹೇಳಲಿಲ್ಲ. ತುತ್ತೂರಿ ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತದೆ ಅಲ್ವಾ? ಫಝ್ ಕೂಡ ಆ ಜಾತಿಯದು. ಕಾರ್ಡಿನ ಮಾತಿಗೆ ಬಂದಾಗ ಇದು ಕೆಲಸಕ್ಕೆ ಬರುತ್ತದೆ.

ಈಗ ಮಂಕಾಗುವ ತೊಂದರೆ. ಇದನ್ನೇ ಮೊದಲು ಹಿಡಿಯುತ್ತೇನೆ, ಯಾಕೆಂದರೆ ಎರಡು ನಿಮಿಷದಲ್ಲಿ ಪರೀಕ್ಷೆ ಮಾಡಬಹುದು. ಟ್ಯೂನರ್ ತೆಗೆದು ಪಕ್ಕಕ್ಕಿಡಿ. ಗಿಟಾರಿನ ಕೇಬಲನ್ನು ನೇರವಾಗಿ ಫಝ್‌ಗೆ ಚುಚ್ಚಿ. ಪೆಡಲಿನ ಫಝ್ ನಾಬ್ ಮುಕ್ಕಾಲು ದಾಟಲಿ. ಆಂಪ್ ಕ್ಲೀನ್ ಇರಲಿ. ಗಿಟಾರಿನ ವಾಲ್ಯೂಮ್ 10ರಲ್ಲಿಟ್ಟು ಒಂದು ಸ್ವರ ನುಡಿಸಿ. 8ಕ್ಕೆ ಇಳಿಸಿ, ಅದೇ ಸ್ವರ. 6ಕ್ಕೆ ಇಳಿಸಿ, ಮತ್ತೆ ಅದೇ ಸ್ವರ. ಒರಟು ಹೋಗಿ, ಕೊನೆಗೆ ಗಾಜಿನ ಲೋಟಕ್ಕೆ ಚಮಚ ತಾಗಿದ ಹಾಗೆ ಚುರುಕಾದ ಕ್ಲೀನ್ ಸದ್ದು ಬಂದರೆ, ಕಳ್ಳ ಸಿಕ್ಕಿದ ಹಾಗೆ. ಅದು ನಿಮ್ಮ ಟ್ಯೂನರ್ ಒಳಗಿರುವ ಬಫರ್.

ಯಾಕೆ ಹೀಗೆ? 1966ರಲ್ಲಿ ಬಂದ ಫಝ್ ಫೇಸ್ ಪೆಡಲ್ ನೆನಪಿಸಿಕೊಳ್ಳಿ. ಮೈಕ್ ಸ್ಟ್ಯಾಂಡಿನ ಬುಡದ ಹಾಗೆ ದುಂಡಗಿರುವುದು, ಹೆಸರಾಂತ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಾಲಡಿಯಲ್ಲಿ ಇದ್ದದ್ದು. ಒಳಗೆ ಇರುವುದು ಎರಡೇ ಟ್ರಾನ್ಸಿಸ್ಟರ್, ಒಂದು ಹಿಡಿ ಬಿಡಿಭಾಗ. ಆಂಪಿನ ಇನ್‌ಪುಟ್ ಸಾಮಾನ್ಯವಾಗಿ 10 ಲಕ್ಷ ಓಮ್ ಪ್ರತಿರೋಧ ತೋರಿಸುತ್ತದೆ. ಹಾಗಾಗಿ ಗಿಟಾರಿಗೆ ಅದರ ಭಾರವೇ ಗೊತ್ತಾಗುವುದಿಲ್ಲ. ಫಝ್ ಫೇಸ್ ತೋರಿಸುವುದು ಕೆಲವೇ ಸಾವಿರ ಓಮ್. ಅಂದರೆ ಅದು ಪಿಕಪ್ಪನ್ನು ಹಿಡಿದು ಎಳೆಯುತ್ತದೆ. ಪಿಕಪ್ಪಿನ ಸುರುಳಿ, ಗಿಟಾರಿನ ವಾಲ್ಯೂಮ್ ನಾಬ್, ಪೆಡಲಿನ ಮೊದಲ ಟ್ರಾನ್ಸಿಸ್ಟರ್ ಮೂರೂ ಸೇರಿ ಒಂದೇ ಸರ್ಕಿಟ್ ಆಗಿಬಿಡುತ್ತವೆ. ಹಂಬಕರ್ ಗಿಟಾರಿನ ವಾಲ್ಯೂಮ್ ನಾಬ್ ಹೆಚ್ಚಾಗಿ 5 ಲಕ್ಷ ಓಮ್‌ನದು. ಅದನ್ನು ಚೂರು ಇಳಿಸಿದರೂ ಪೆಡಲಿನ ಬಾಯಿಗೆ ಹತ್ತಾರು ಸಾವಿರ ಓಮ್ ಅಡ್ಡ ಬರುತ್ತದೆ. ಕೆಲವೇ ಸಾವಿರದ ಮುಂದೆ ಅದು ದೊಡ್ಡ ಗೋಡೆ. ಟ್ರಾನ್ಸಿಸ್ಟರಿನ ಗೇನ್, ಅಂದರೆ ಸಿಗ್ನಲನ್ನು ಹಿಗ್ಗಿಸುವ ಬಲ, ಧಡಕ್ಕನೆ ಬೀಳುತ್ತದೆ, ಮೇಲಿನ ಸ್ವರಗಳ ಹೊಳಪು ಮಾತ್ರ ಉಳಿದುಕೊಳ್ಳುತ್ತದೆ.

ಬಫರ್ ನಡುವೆ ಬಂದರೆ ಈ ನಂಟು ಕಡಿದುಹೋಗುತ್ತದೆ. ಬಫರ್ ಗಿಟಾರಿನಿಂದ ಸಿಗ್ನಲ್ ಇಸಿದುಕೊಂಡು ತನ್ನ ಬಲದಿಂದ ಪೆಡಲಿಗೆ ನೂಕುತ್ತದೆ. ಗಿಟಾರಿನ ನಾಬ್ ಇಳಿಸಿದರೆ ಸಿಗ್ನಲ್ ಸಣ್ಣದಾಗುತ್ತದೆ ಅಷ್ಟೇ, ಪೆಡಲಿನ ಗೇನ್ ಇದ್ದಂತೆಯೇ ಇರುತ್ತದೆ. ಜೊತೆಗೆ ನಾಬ್ ಇಳಿದಾಗ ಕೇಬಲ್ಲೇ ಒಂದಷ್ಟು ಟ್ರೆಬಲ್ ತಿಂದುಹಾಕುತ್ತದೆ. ಫಝ್ ಹೋಗುವುದಿಲ್ಲ, ಹೊಳಪು ಹೋಗುತ್ತದೆ. ನೀವು ಮಂಕು ಅಂದದ್ದು ಇದೇ. ನಾಬ್ 10ರಲ್ಲಿದ್ದಾಗಲೂ ಬಫರ್ ಹಿಂದಿರುವ ಇಂಥ ಫಝ್ ಕಿವಿಗೆ ಚುಚ್ಚುವ ಹಾಗೆ, ತೆಳ್ಳಗೆ ಕೇಳುತ್ತದೆ.

ನಾನೂ ಇದರಲ್ಲಿ ಬಿದ್ದವನೇ. ನಾನೇ ಕಟ್ಟಿದ ಒಂದು ಪೆಡಲ್ ವರ್ಕ್‌ಬೆಂಚಿನ ಮೇಲೆ ಜೇನಿನ ಹಾಗೆ ನುಡಿಯುತ್ತಿತ್ತು. ಪೆಡಲ್‌ಗಳನ್ನೆಲ್ಲ ಸಾಲಾಗಿ ಇಡುವ ಬೋರ್ಡಿಗೆ ಕೂರಿಸಿದರೆ ತಗಡು ಕೆರೆದ ಸದ್ದು. ಟ್ರಾನ್ಸಿಸ್ಟರ್ ಬದಲಿಸಿದೆ, ಕೆಪಾಸಿಟರ್ ಬದಲಿಸಿದೆ, ಬೆಸುಗೆಗಳನ್ನೆಲ್ಲ ಮತ್ತೆ ಕಾಯಿಸಿದೆ. ಎರಡು ವಾರ ಹೋಯಿತು. ಬೆಂಚಿನ ಮೇಲೆ ಟ್ಯೂನರ್ ಇರಲಿಲ್ಲ, ಬೋರ್ಡಿನ ಮೇಲೆ ಇತ್ತು. ವ್ಯತ್ಯಾಸ ಅಷ್ಟೇ.

ಪರಿಹಾರ ಸುಲಭ. ಫಝ್ ಮೊದಲು, ಟ್ಯೂನರ್ ಆಮೇಲೆ. ಶ್ರುತಿ ನೋಡುವಾಗ ಫಝ್ ಆಫ್ ಮಾಡಿಕೊಂಡರೆ ಸಾಕು. ಎಲ್ಲ ಟ್ಯೂನರ್‌ಗಳಲ್ಲೂ ಬಫರ್ ಇರುವುದಿಲ್ಲ, ಟ್ರೂ ಬೈಪಾಸ್ ಇರುವವು ಆಫ್ ಆದಾಗ ನಡುವೆ ಬರುವುದೇ ಇಲ್ಲ. ವೈರ್‌ಲೆಸ್ ಬಳಸುತ್ತಿದ್ದರೆ ಅದೂ ಬಫರ್ ಇದ್ದ ಹಾಗೆಯೇ ಅನ್ನುವುದು ನೆನಪಿರಲಿ.

ಟ್ಯೂನರ್ ತೆಗೆದ ಮೇಲೂ ಫಝ್ ತಿಳಿಯಾಗಲಿಲ್ಲ ಅಂದರೆ ನಿಮ್ಮ ಪೆಡಲ್ ಇನ್ನೊಂದು ವಂಶದ್ದು. 1969ರ ಸುಮಾರಿಗೆ ಎಲೆಕ್ಟ್ರೋ ಹಾರ್ಮೋನಿಕ್ಸ್ ತಂದ ಬಿಗ್ ಮಫ್ ಆ ವಂಶದ ಹಿರಿಯ. ಅದರಲ್ಲಿ ನಾಲ್ಕು ಟ್ರಾನ್ಸಿಸ್ಟರ್ ಹಂತಗಳು, ನಡುವಿನ ಎರಡು ಹಂತಗಳಲ್ಲಿ ಡಯೋಡುಗಳು ಅಲೆಯನ್ನು ಕಡಿಯುತ್ತವೆ. ಒಂದರ ಹಿಂದೊಂದು ಇಷ್ಟು ಗೇನ್ ಇರುವಾಗ ಗಿಟಾರಿನ ನಾಬ್ ಇಳಿಸಿದರೂ ಅದಕ್ಕೆ ಲೆಕ್ಕವೇ ಇಲ್ಲ. ಅದರ ಗುಣವೇ ಬೇರೆ: ಸ್ವರ ಎಳೆದಷ್ಟೂ ಬರುತ್ತದೆ, ಪಿಟೀಲಿನ ಬಿಲ್ಲು ಎಳೆದ ಹಾಗೆ. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಡೇವಿಡ್ ಗಿಲ್ಮೋರ್ ಉದ್ದನೆಯ ಸೋಲೊಗಳಿಗೆ ಅದನ್ನು ಹಿಡಿದದ್ದು ಅದಕ್ಕೇ. ನಿಮ್ಮದು ಆ ಥರದ್ದಾದರೆ ಗಿಟಾರಿನಿಂದ ತಿಳಿ ಮಾಡುವ ಆಸೆ ಬಿಡಿ. ಕ್ಲೀನ್ ಬೇಕಾದಾಗ ಕಾಲಿನಿಂದ ಆಫ್ ಮಾಡಿ, ಅದಕ್ಕೇ ಸ್ವಿಚ್ ಇರುವುದು.

ಫಝ್ ನಾಬ್ ಎಲ್ಲಿಡಬೇಕು ಅನ್ನುವುದೂ ವಂಶದ ಮೇಲೆ ನಿಂತಿದೆ. ಫಝ್ ಫೇಸ್ ಜಾತಿಗೆ ನಾನು ಹೆಚ್ಚುಕಡಿಮೆ ಪೂರ್ತಿ ತಿರುಗಿಸಿ, ತುದಿಯಿಂದ ಒಂದು ಕೂದಲೆಳೆ ಹಿಂದಕ್ಕೆ ತರುತ್ತೇನೆ. ಆಮೇಲೆ ಆ ನಾಬ್ ಮುಟ್ಟುವುದಿಲ್ಲ, ಎಲ್ಲ ಗಿಟಾರಿನಿಂದಲೇ. ಬಿಗ್ ಮಫ್ ಜಾತಿಗೆ ಇದು ತಿರುಗಾಮುರುಗಾ. ಅರ್ಧಕ್ಕಿಂತ ಕೆಳಗೇ ಅದು ಬೇಕಾದಷ್ಟು ಕೊಡುತ್ತದೆ. ಅದರಾಚೆ ಕೊಡುವುದು ಬಹುಪಾಲು ಗದ್ದಲ.

ಇನ್ನು ಕಾರ್ಡಿನ ಕಲಸುಮೇಲೋಗರ. ಇದಕ್ಕೆ ಸ್ವಲ್ಪ ಲೆಕ್ಕ ಬೇಕು, ಭಯ ಬೀಳಬೇಡಿ, ಕೂಡುವುದು ಕಳೆಯುವುದು ಅಷ್ಟೇ. ಎರಡು ಸ್ವರಗಳು ಒಟ್ಟಿಗೆ ಫಝ್ ಒಳಗೆ ಹೋದರೆ ಹೊರಗೆ ಎರಡೇ ಬರುವುದಿಲ್ಲ. ಎರಡರ ಕಂಪನ ಕೂಡಿದರೆ ಬರುವ ಒಂದು, ಕಳೆದರೆ ಬರುವ ಇನ್ನೊಂದು, ಇವೂ ಹುಟ್ಟುತ್ತವೆ. ನೀವು ನುಡಿಸದೇ ಇದ್ದ ಸ್ವರಗಳು ಇವು, ಕರೆಯದೇ ಬಂದ ನೆಂಟರು. ಆರನೇ ತಂತಿಯ 5ನೇ ಫ್ರೆಟ್‌ನಲ್ಲಿ ಎ ಸ್ವರ ಹಿಡಿಯಿರಿ, ಅದು 110 ಹರ್ಟ್ಸ್. ಐದನೇ ತಂತಿಯ 7ನೇ ಫ್ರೆಟ್‌ನಲ್ಲಿ ಇ, ಅದು 164.8. ನಮ್ಮ ಲೆಕ್ಕದಲ್ಲಿ ಇದು ಸ-ಪ. ಕಳೆದರೆ 54.8. ಎ ಸ್ವರದ ಒಂದು ಸ್ಥಾಯಿ ಕೆಳಗಿನದು 55. ಹೆಚ್ಚುಕಡಿಮೆ ಅದೇ! ಅಂದರೆ ಬಂದ ನೆಂಟ ಮನೆಯವನೇ. ಹೀಗೆ ಸ-ಪ ಎರಡೇ ಸ್ವರ ಹಿಡಿಯುವ ಪವರ್ ಕಾರ್ಡ್ ಫಝ್‌ನಲ್ಲಿ ಅಷ್ಟು ಗಟ್ಟಿಯಾಗಿ, ಕೆಳಗೊಂದು ಬೇಸ್ ಸೇರಿದ ಹಾಗೆ ಕೇಳುವುದು ಇದಕ್ಕೇ.

ಈಗ ಅದೇ 110ರ ಎ ಜೊತೆ ಐದನೇ ತಂತಿಯ 4ನೇ ಫ್ರೆಟ್ ಹಿಡಿಯಿರಿ. ಸಿ ಶಾರ್ಪ್, 138.6 ಹರ್ಟ್ಸ್. ಸ-ಗ ಅನ್ನಿ. ಕಳೆದರೆ 28.6. ಎ ಸ್ವರದ ಕುಟುಂಬದಲ್ಲಿ ಅಲ್ಲಿರಬೇಕಾದದ್ದು 27.5. ಹೊಂದುವುದಿಲ್ಲ. ಅದೇ 164.8ರ ಇ ಸ್ವರವನ್ನು ನಾಲ್ಕನೇ ತಂತಿಯ 2ನೇ ಫ್ರೆಟ್‌ನಲ್ಲಿ ಸೇರಿಸಿ ಪೂರ್ತಿ ಮೇಜರ್ ಕಾರ್ಡ್ ಮಾಡಿ. ಈಗ 164.8ರಿಂದ 138.6 ಕಳೆದರೆ ಇನ್ನೊಂದು ನೆಂಟ, 26.2. ಕೆಳಗೆ 28.6 ಮತ್ತು 26.2 ಒಂದಕ್ಕೊಂದು ತಿಕ್ಕಾಡಿ ಸೆಕೆಂಡಿಗೆ ಎರಡು ಮೂರು ಸಲ ಕುಲುಕುತ್ತವೆ. ಆ ಗುಡುಗುಡು, ಆ ತೇಲಾಟ, ಅದೇ ನಿಮ್ಮ ಕಲಸುಮೇಲೋಗರ. ಯಾವ ನಾಬ್ ತಿರುಗಿಸಿದರೂ ಇದು ಪೂರ್ತಿ ಹೋಗುವುದಿಲ್ಲ. ಫ್ರೆಟ್ ಇರುವ ಗಿಟಾರಿನ ಗಾಂಧಾರ ಶುದ್ಧ ಗಾಂಧಾರಕ್ಕಿಂತ ಚೂರು ಏರು. ಫಝ್ ಆ ಚೂರನ್ನು ಭೂತಗನ್ನಡಿಯಲ್ಲಿ ತೋರಿಸುತ್ತದೆ, ಅಷ್ಟೇ.

ಆದರೆ ಬೆರಳು ಬದಲಿಸಿದರೆ ಬಹಳ ಮಟ್ಟಿಗೆ ಹೋಗುತ್ತದೆ. ಅದೇ ಸಿ ಶಾರ್ಪನ್ನು ಒಂದು ಸ್ಥಾಯಿ ಮೇಲೆ ಒಯ್ಯಿರಿ. ಆರನೇ ತಂತಿಯ 5ನೇ ಫ್ರೆಟ್, ಮೂರನೇ ತಂತಿಯ 6ನೇ ಫ್ರೆಟ್, ನಡುವಿನ ಎರಡು ತಂತಿಗಳನ್ನು ಬೆರಳಿನ ಬೆನ್ನಲ್ಲಿ ಒತ್ತಿ ಸುಮ್ಮನಾಗಿಸಿ. ಈಗ ಕಳೆದರೆ ಬರುವುದು 167.2, ಕಾರ್ಡಿನ ಇ ಸ್ವರದ ಪಕ್ಕದ್ದೇ. ಗುಡುಗು ಹೋಯಿತು. ಎರಡೇ ಸ್ವರ, ಆದರೂ ಮೇಜರ್ ಅನ್ನುವುದು ಸ್ಪಷ್ಟವಾಗಿ ಕೇಳುತ್ತದೆ. ನಾನು ಫಝ್ ಹಾಕಿ ಪೂರ್ತಿ ಆರು ತಂತಿಯ ಕಾರ್ಡ್ ನುಡಿಸುವುದು ಬಿಟ್ಟು ವರ್ಷಗಳಾದವು. ಇನ್ನೊಂದು ದಾರಿಯೂ ಇದೆ: ಕಾರ್ಡ್ ಬರುವ ಜಾಗದಲ್ಲಿ ಗಿಟಾರಿನ ವಾಲ್ಯೂಮ್ 6ಕ್ಕೆ ಇಳಿಸುವುದು, ಸೋಲೊ ಬಂದಾಗ ಕಿರುಬೆರಳಿನಿಂದ 10ಕ್ಕೆ ಏರಿಸುವುದು. ಅದಕ್ಕೆ ಮೇಲೆ ಹೇಳಿದ ಟ್ಯೂನರ್ ಗಲಾಟೆ ಮುಗಿದಿರಬೇಕು.

ಬ್ಯಾಂಡಿನಲ್ಲಿ ಕಾಣೆಯಾಗುವ ವಿಷಯಕ್ಕೆ ಬರೋಣ. ಇದೊಂದು ಮಾತ್ರ ನಿಜವಾಗಿ ಪೆಡಲಿನ ನಾಬ್‌ಗಳಲ್ಲಿದೆ.

ಮನೆಯಲ್ಲಿ ಸಣ್ಣ ಸದ್ದಿನಲ್ಲಿ ನುಡಿಸುತ್ತೀರಿ. ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ, ತೀರಾ ಮೇಲಿನದೂ ಸ್ವಲ್ಪ ಕಡಿಮೆ. ಅದಕ್ಕೇ ಕೈ ತಾನಾಗಿ ಬೇಸ್ ಏರಿಸುತ್ತದೆ, ಟ್ರೆಬಲ್ ಏರಿಸುತ್ತದೆ, ಮಿಡ್ ಇಳಿಸುತ್ತದೆ. ಒಂಟಿಯಾಗಿ ಕೇಳಲು ಅದು ಅಮೋಘ. ಬ್ಯಾಂಡಿಗೆ ಹೋದಿರಿ ಅಂದುಕೊಳ್ಳಿ. ನಿಮ್ಮ ಬೇಸ್ ಇರುವ ಜಾಗದಲ್ಲಿ ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ ಆಗಲೇ ಕೂತಿವೆ. ನಿಮ್ಮ ಟ್ರೆಬಲ್ ಇರುವ ಜಾಗದಲ್ಲಿ ಸಿಂಬಲ್‌ಗಳು. ಗಿಟಾರಿಗೆ ಸ್ವಂತ ಜಾಗ ಇರುವುದು ಸುಮಾರು 500ರಿಂದ 2000 ಹರ್ಟ್ಸ್ ನಡುವೆ. ಅದನ್ನೇ ನೀವು ಮನೆಯಲ್ಲಿ ಕಿತ್ತು ಹಾಕಿ ಬಂದಿದ್ದೀರಿ. ಬಿಗ್ ಮಫ್ ಥರದ ಪೆಡಲಾದರೆ ನೀವು ಕೀಳುವುದೇ ಬೇಡ. ಅದರ ಟೋನ್ ನಾಬ್ ನಡುವೆ ಇಟ್ಟರೆ 1000 ಹರ್ಟ್ಸ್ ಸುತ್ತ ತಾನೇ ಒಂದು ಹಳ್ಳ ತೋಡಿರುತ್ತದೆ.

ನಿಮ್ಮ ಪೆಡಲಿನಲ್ಲಿ ಮಿಡ್ ನಾಬ್ ಇದೆ. ಪುಣ್ಯ ಮಾಡಿದ್ದೀರಿ, ಹಳೆಯ ಪೆಡಲ್‌ಗಳಲ್ಲಿ ಅದಿರಲಿಲ್ಲ. ಪ್ರಾಕ್ಟೀಸ್ ನಡೆಯುತ್ತಿರುವಾಗ, ಎಲ್ಲರೂ ನುಡಿಸುತ್ತಿರುವಾಗಲೇ ಅದನ್ನು ಏರಿಸಿ. ನಿಮ್ಮ ಗಿಟಾರ್ ಕೇಳಿಬರುವ ತನಕ ಏರಿಸಿ, ನಿಲ್ಲಿಸಿ. ಆಮೇಲೆ ಟೋನನ್ನು ಸಿಂಬಲ್ ಜೊತೆ ಜಗಳ ಆಡದಷ್ಟಕ್ಕೆ ಇಳಿಸಿ. ಆಂಪಿನ ಬೇಸನ್ನೂ ಸ್ವಲ್ಪ ತಗ್ಗಿಸಿ. ಅದೇ ಸೆಟ್ಟಿಂಗನ್ನು ಮನೆಗೆ ಬಂದು ಒಬ್ಬರೇ ಕೇಳಿದರೆ ಮೂಗಿನಲ್ಲಿ ಮಾತಾಡಿದ ಹಾಗೆ, ಅಗ್ಗದ ರೇಡಿಯೋ ಹಾಗೆ ಇರುತ್ತದೆ. ಇರಲಿ ಬಿಡಿ. ನಾಬ್‌ಗಳ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಮನೆಗೊಂದು, ಬ್ಯಾಂಡಿಗೊಂದು.

ಇನ್ನೊಂದು ಮೋಸ ಇದೆ. ಪೆಡಲ್ ಆನ್ ಮಾಡಿದರೂ ಆಫ್ ಮಾಡಿದರೂ ಸದ್ದು ಒಂದೇ ಮಟ್ಟದಲ್ಲಿರಲಿ ಅಂತ ನೀವು ವಾಲ್ಯೂಮ್ ಹೊಂದಿಸಿರುತ್ತೀರಿ. ಕ್ಲೀನ್ ಗಿಟಾರಿನಲ್ಲಿ ಪ್ರತಿ ಮೀಟಿನ ಶುರುವಿಗೂ ಒಂದು ಚೂಪು ಏಟು ಇರುತ್ತದೆ. ಗುಂಪಿನಲ್ಲಿ ಕಿವಿ ಹಿಡಿಯುವುದು ಆ ಏಟನ್ನು. ಫಝ್ ಅದನ್ನೇ ಕಡಿದುಹಾಕಿರುತ್ತದೆ. ಏಟು ಇಲ್ಲದ ಸದ್ದು ಅದೇ ಮಟ್ಟದಲ್ಲಿದ್ದರೂ ಹಿಂದೆ ಸರಿದ ಹಾಗೆ ಕೇಳುತ್ತದೆ. ಆದ್ದರಿಂದ ಬ್ಯಾಂಡಿನಲ್ಲಿ ಫಝ್ ವಾಲ್ಯೂಮ್ ಕ್ಲೀನ್‌ಗಿಂತ ಒಂದು ಕೈ ಮೇಲೇ ಇರಲಿ. ಸಂಕೋಚ ಬೇಡ.

ಉಳಿದ ನಾಬ್‌ಗಳು. ಬಯಾಸ್ ಅಂದರೆ ಟ್ರಾನ್ಸಿಸ್ಟರ್ ಯಾವ ವೋಲ್ಟೇಜಿನಲ್ಲಿ ಕೂತು ಕೆಲಸ ಮಾಡಬೇಕು ಅನ್ನುವುದು. 9 ವೋಲ್ಟ್ ಪೆಡಲಿನಲ್ಲಿ ಕೊನೆಯ ಟ್ರಾನ್ಸಿಸ್ಟರನ್ನು ಸಾಮಾನ್ಯವಾಗಿ ಅರ್ಧಕ್ಕೆ, ಅಂದರೆ 4.5 ವೋಲ್ಟ್ ಹತ್ತಿರ ಕೂರಿಸುತ್ತಾರೆ. ಅಲೆಗೆ ಮೇಲೂ ಕೆಳಗೂ ಸಮ ಜಾಗ ಸಿಗಲಿ ಅಂತ. ಒಂದು ಕಡೆಗೆ ಸರಿಸಿದರೆ ಸಣ್ಣ ಸಿಗ್ನಲ್ ಒಳಗೇ ಸತ್ತುಹೋಗುತ್ತದೆ. ಸ್ವರ ನಿಧಾನವಾಗಿ ಕರಗುವ ಬದಲು ಪಟಪಟ ಅಂತ ಹರಿದು ನಿಲ್ಲುತ್ತದೆ, ವೆಲ್ಕ್ರೋ ಪಟ್ಟಿ ಕಿತ್ತ ಹಾಗೆ. ಬ್ಯಾಟರಿ ಸಾಯುತ್ತಿರುವಾಗ ಬರುವ ಸದ್ದಿಗೂ ಇದಕ್ಕೂ ಹತ್ತಿರದ ನಂಟು. ಕಡಿಮೆ ಸ್ವರಗಳ, ತುಂಡುತುಂಡಾದ ರಿಫ್‌ಗೆ ಇದು ಚೆನ್ನ. ಉದ್ದ ಸ್ವರಕ್ಕೆ ಬೇಡ. ಗೇಟ್ ಕೂಡ ಇದೇ ಕೆಲಸವನ್ನು ಇನ್ನೊಂದು ದಾರಿಯಲ್ಲಿ ಮಾಡುತ್ತದೆ. ಎರಡನ್ನೂ ಒಟ್ಟಿಗೆ ತಿರುಗಿಸಬೇಡಿ, ಯಾವುದು ಏನು ಮಾಡಿತು ಅಂತ ತಿಳಿಯುವುದಿಲ್ಲ. ಗೇಟ್ ಪೂರ್ತಿ ತೆರೆದಿಟ್ಟು ಬಯಾಸ್ ಹೊಂದಿಸಿ, ಆಮೇಲೆ ಹಿಸ್ ಅನ್ನುವ ಸದ್ದು ನಿಲ್ಲುವಷ್ಟು ಮಾತ್ರ ಗೇಟ್ ಮುಚ್ಚಿ.

ಕ್ಲಿಪ್ಪಿಂಗ್ ಸ್ವಿಚ್ ಬಗ್ಗೆ ಒಂದು ಎಚ್ಚರಿಕೆ. ಇಂಥ ಸ್ವಿಚ್‌ನಲ್ಲಿ ಸಾಮಾನ್ಯವಾಗಿ ಸಿಲಿಕಾನ್ ಡಯೋಡ್, ಎಲ್‌ಇಡಿ, ಇನ್ನೊಂದರಲ್ಲಿ ಏನೂ ಇಲ್ಲ, ಹೀಗಿರುತ್ತದೆ. ಸಿಲಿಕಾನ್ ಸುಮಾರು 0.6 ವೋಲ್ಟಿಗೇ ಅಲೆಯನ್ನು ಕಡಿಯುತ್ತದೆ, ಕೆಂಪು ಎಲ್‌ಇಡಿ 1.7 ವೋಲ್ಟ್ ಸುತ್ತಮುತ್ತ ಬಂದ ಮೇಲೆ. ಹಾಗಾಗಿ ಎಲ್‌ಇಡಿಗೆ ತಿರುಗಿಸಿದ ಕೂಡಲೇ ಸದ್ದು ಜೋರಾಗುತ್ತದೆ. ಜೋರಾದದ್ದು ಕಿವಿಗೆ ಯಾವಾಗಲೂ ಚಂದ ಕೇಳುತ್ತದೆ. ವಾಲ್ಯೂಮ್ ಸಮ ಮಾಡಿಕೊಂಡು ಆಮೇಲೆ ಹೋಲಿಸಿ, ಇಲ್ಲವಾದರೆ ನೀವು ಆರಿಸುವುದು ಟೋನನ್ನಲ್ಲ, ವಾಲ್ಯೂಮನ್ನು.

ಆಕ್ಟೇವ್ ಸ್ವಿಚ್ ಒತ್ತಿದಾಗ ಏನೂ ಆಗುತ್ತಿಲ್ಲ ಅನ್ನಿಸಿರಬಹುದು. ಕತ್ತಿನ ಕಡೆಯ ಪಿಕಪ್ ಆರಿಸಿಕೊಂಡು, ಗಿಟಾರಿನ ಟೋನ್ ಪೂರ್ತಿ ಇಳಿಸಿ, 12ನೇ ಫ್ರೆಟ್‌ಗಿಂತ ಮೇಲೆ ಒಂದೊಂದೇ ಸ್ವರ ನುಡಿಸಿ. ಈ ಸರ್ಕಿಟ್ ಅಲೆಯ ಕೆಳಗಿನ ಅರ್ಧವನ್ನು ಮೇಲಕ್ಕೆ ಮಡಚುತ್ತದೆ, ಹಾಗಾಗಿ ಒಂದಿದ್ದ ಉಬ್ಬು ಎರಡಾಗಿ ಮೇಲಿನ ಸ್ಥಾಯಿ ಹುಟ್ಟುತ್ತದೆ. ಅಲೆ ಸರಳವಾಗಿದ್ದಷ್ಟೂ ಅದು ಸ್ಪಷ್ಟ. ಎಂಜಿನಿಯರ್ ರೋಜರ್ ಮೇಯರ್ ಅವರು ಹೆಂಡ್ರಿಕ್ಸ್‌ಗೆ ಮಾಡಿಕೊಟ್ಟ ಆಕ್ಟೇವಿಯಾ ಪೆಡಲಿನ ಕೀಲಿಯೂ ಇದೇ.

ಟ್ರಾನ್ಸಿಸ್ಟರ್ ಜರ್ಮೇನಿಯಂನದು ಒಳ್ಳೆಯದೋ ಸಿಲಿಕಾನಿನದು ಒಳ್ಳೆಯದೋ ಅಂತ ನೀವು ಕೇಳಲಿಲ್ಲ, ಆದರೆ ಪೆಡಲ್ ಮಾರುವ ಯೋಚನೆ ಬಂದವರು ಮುಂದಿನ ಹೆಜ್ಜೆಯಲ್ಲಿ ಅದನ್ನೇ ಕೇಳುತ್ತಾರೆ. ಜರ್ಮೇನಿಯಂ ಮೆತ್ತಗೆ, ಸಿಲಿಕಾನ್ ಚುರುಕು, ಗೇನ್ ಜಾಸ್ತಿ. ನಿಜ. ಆದರೆ ಜರ್ಮೇನಿಯಂಗೆ ಬಿಸಿಲಾಗುವುದಿಲ್ಲ. ಬಿಸಿ ಏರಿದ ಹಾಗೆ ಒಳಗೆ ಕರೆಂಟ್ ಸೋರಿಕೆ ಹೆಚ್ಚಿ ಬಯಾಸ್ ಜಾರುತ್ತದೆ. ಬಯಲಲ್ಲಿ ಒಂದು ಮಧ್ಯಾಹ್ನದ ಕಾರ್ಯಕ್ರಮದಲ್ಲಿ ನನ್ನ ಪೆಡಲ್ ಮೂರನೇ ಹಾಡಿನ ಹೊತ್ತಿಗೆ ಕೆಮ್ಮಲು ಶುರುಮಾಡಿತ್ತು. ನೆರಳಿಗೆ ಸರಿಸಿ, ಮೇಲೆ ಒದ್ದೆ ಬಟ್ಟೆ ಹಾಕಿ ಹೇಗೋ ಮುಗಿಸಿದೆ. ಇನ್ನೊಂದು: ಹಳೆಯ ಮಾದರಿಯ ಜರ್ಮೇನಿಯಂ ಪೆಡಲ್‌ಗಳಲ್ಲಿ ಹಲವಕ್ಕೆ ಬ್ಯಾಟರಿಯ ಪ್ಲಸ್ ತುದಿಯೇ ಗ್ರೌಂಡ್. ಅಂಥದ್ದನ್ನು ಬೇರೆ ಪೆಡಲ್‌ಗಳ ಜೊತೆ ಒಂದೇ ಪವರ್ ಕೇಬಲಿಗೆ ಪೋಣಿಸಿದರೆ ಶಾರ್ಟ್ ಆಗುತ್ತದೆ. ಅದಕ್ಕೆ ಬೇರೆ ಬ್ಯಾಟರಿ, ಅಥವಾ ಪ್ರತ್ಯೇಕ ಐಸೊಲೇಟೆಡ್ ಔಟ್‌ಪುಟ್ ಕೊಡಿ.

ರಾತ್ರಿಯ ಹೆಡ್‌ಫೋನ್ ವಿಷಯ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಸುಮಾರು 5000 ಹರ್ಟ್ಸ್ ಮೇಲಿನದನ್ನು ಬೇಗ ಕೈಬಿಡುತ್ತದೆ. ಫಝ್ ಸಹಿಸಲು ಆಗುವುದೇ ಆ ಸ್ಪೀಕರಿನ ದಯೆಯಿಂದ. ನೇರ ಇಂಟರ್‌ಫೇಸಿಗೆ ಹಾಕಿದರೆ ಆ ಜರಡಿ ಇಲ್ಲ, ಜೇನುನೊಣಗಳೆಲ್ಲ ನೇರ ಕಿವಿಗೇ. ಕ್ಯಾಬಿನೆಟ್ ಸಿಮ್ಯುಲೇಶನ್ (ಸ್ಪೀಕರಿನ ಗುಣವನ್ನು ಅನುಕರಿಸುವ ಸಾಫ್ಟ್‌ವೇರ್ ಅಥವಾ ಸಾಧನ) ಹಾಕಿಕೊಳ್ಳದೆ ಹೆಡ್‌ಫೋನಿನಲ್ಲಿ ಫಝ್ ಹೊಂದಿಸಲೇಬೇಡಿ. ಅಲ್ಲಿ ಹಿತವೆನಿಸಲಿ ಅಂತ ಟೋನ್ ಇಳಿಸಿರುತ್ತೀರಿ, ಮಾರನೇ ದಿನ ಆಂಪಿನಲ್ಲಿ ಕಂಬಳಿ ಹೊದ್ದ ಸದ್ದು ಬರುತ್ತದೆ.

ನಿಮ್ಮ ಸಾಲಿನಲ್ಲಿ ಫಝ್ ನಂತರ ಓವರ್‌ಡ್ರೈವ್ ಇರುವುದು ಒಳ್ಳೆಯದೇ. ಅದರ ಗೇನ್ ಪೂರ್ತಿ ಇಳಿಸಿ, ವಾಲ್ಯೂಮ್ ಏರಿಸಿ, ಫಝ್ ಜೊತೆ ಆನ್ ಮಾಡಿ ನೋಡಿ. ಟ್ಯೂಬ್ ಸ್ಕ್ರೀಮರ್ ಅನ್ನುವ ಹೆಸರಾಂತ ಓವರ್‌ಡ್ರೈವ್ ಥರದ್ದಾದರೆ ಅದು 700 ಹರ್ಟ್ಸ್ ಆಸುಪಾಸಿನಲ್ಲಿ ಒಂದು ಉಬ್ಬು ಕೊಡುತ್ತದೆ, ಬೇಸನ್ನು ಸ್ವಲ್ಪ ಬಿಗಿ ಮಾಡುತ್ತದೆ. ಫಝ್‌ನಲ್ಲಿ ಹಳ್ಳ ಇದ್ದ ಜಾಗದ ಹತ್ತಿರವೇ ಇದು ಬಂದು ಕೂರುತ್ತದೆ. ಮಿಡ್ ನಾಬ್ ಏರಿಸಿಯೂ ಸೋಲೊ ಮುಂದೆ ಬರದಿದ್ದರೆ ಇದು ಕೊನೆಯ ಅಸ್ತ್ರ, ಹೆಚ್ಚಿನ ಸಲ ಸಾಕಾಗುತ್ತದೆ. ಡಿಲೇ ಇರುವ ಜಾಗದಲ್ಲೇ ಇರಲಿ. ಮುಂದೆಂದಾದರೂ ವಾ ಪೆಡಲ್ (ಕಾಲಲ್ಲಿ ತುಳಿದು ಸದ್ದನ್ನು ವಾ-ವಾ ಅನ್ನಿಸುವುದು) ತಂದರೆ ಒಮ್ಮೆ ಫಝ್‌ಗೆ ಮೊದಲು, ಒಮ್ಮೆ ಆಮೇಲೆ ಇಟ್ಟು ನೋಡಿ. ಫಝ್ ಫೇಸ್ ಜಾತಿಯ ಮುಂದೆ ಕೆಲವು ವಾ ಪೆಡಲ್‌ಗಳು ಕೂಗಿಕೊಳ್ಳುತ್ತವೆ, ಅದೂ ಮೊದಲು ಹೇಳಿದ ಎಳೆದಾಟದ ಕಾರಣಕ್ಕೇ.

ಮುಂದಿನ ಪ್ರಾಕ್ಟೀಸಿಗೆ ಇಷ್ಟು ಮಾಡಿ. ಟ್ಯೂನರನ್ನು ಫಝ್ ಆಚೆಗೆ ಹಾಕಿ, ಗೇಟ್ ತೆರೆದು, ಮಿಡ್ ಮುಕ್ಕಾಲಿಗೆ ಏರಿಸಿ ಹೋಗಿ. ಫೋನನ್ನು ಡ್ರಮ್ಸ್‌ನಿಂದ ದೂರ, ಕೋಣೆಯ ಇನ್ನೊಂದು ಮೂಲೆಯಲ್ಲಿಟ್ಟು ಒಂದೇ ಹಾಡು ರೆಕಾರ್ಡ್ ಮಾಡಿ. ಆಮೇಲೂ ನಿಮ್ಮ ಗಿಟಾರ್ ಕೇಳದಿದ್ದರೆ ಆಂಪ್ ಎಲ್ಲಿಟ್ಟಿದ್ದೀರಿ ನೋಡಿ. ಬಹಳ ಜನ ಅದನ್ನು ನೆಲದ ಮೇಲಿಟ್ಟು, ತಮ್ಮ ಮೊಣಕಾಲಿಗೆ ಕೇಳಿಸುತ್ತಿರುತ್ತಾರೆ.